ತಕ್ಕಡಿಯ ನಿಂಬೆಗಿಡ

“ಈಗ ಚೆನ್ನಾಗಿ ಕಾಣುತ್ತಾ, ಇಲ್ಲಾ ಈಗಲಾ?” ಎಂದು ಗಾಜು ಬದಲಿಸುತ್ತ ಅವನು ಕೇಳಿದ. ಪರೀಕ್ಷೆಯ ಕುರ್ಚಿಯಲ್ಲಿ ಕೂತಿದ್ದ ಬಸ್ ಡ್ರೈವರ್ ಸ್ವಲ್ಪ ಹೊತ್ತು ಯೋಚಿಸಿ, “ನಿಮಗೆ ಯಾವುದು ಸರಿ ಅನ್ಸುತ್ತೋ ಅದೇ ಹಾಕಿ ಸಾರ್” ಎಂದ. ಈ ಮಾತು ಕೇಳಿದಾಗಲೆಲ್ಲ ಅವನಿಗೆ ಒಳಗೊಳಗೇ ನಗು ಬರುತ್ತಿತ್ತು. ಕಣ್ಣು ಇವರದು, ನೋಡುವವರು ಇವರು, ಸರಿ ಯಾವುದು ಎಂದು ಹೇಳಬೇಕಾದವನು ಮಾತ್ರ ತಾನು. ಇವತ್ತು ನಗು ಬರಲಿಲ್ಲ. ಜೇಬಿನಲ್ಲಿ ಫೋನು ಗುಂಯ್ ಎಂದಿತ್ತು. ಗಿರಾಕಿಯ ಎದುರು ಫೋನು ನೋಡಬಾರದು ಎಂದುಕೊಳ್ಳುತ್ತಲೇ ತೆಗೆದು ನೋಡಿದ. ‘ಕತ್ತರಿ’ ಎಂಬ ಸದಸ್ಯರ ಮೇಲ್ಮನವಿಗೆ ಚೀಟಿ ಎತ್ತಿಯಾಗಿತ್ತು, ಮೂವರು ಪಂಚರು ಸಿಕ್ಕಿದ್ದರು, ಸಂಜೆಯೊಳಗೆ ತೀರ್ಪು. “ಸಾರ್, ಈಗ ಏನೂ ಕಾಣ್ತಾ ಇಲ್ಲ” ಎಂದು ಡ್ರೈವರ್ ಹೇಳಿದಾಗಲೇ ತಾನು ಅವನ ಎರಡೂ ಕಣ್ಣಿಗೆ ಕಪ್ಪು ಮುಚ್ಚಳ ಹಾಕಿ ನಿಂತಿದ್ದೇನೆಂದು ಗೊತ್ತಾದದ್ದು.

ಅವನನ್ನು ಬೀದಿಯವರು ಕನ್ನಡಕದವರು ಎನ್ನುತ್ತಿದ್ದರು. ಆದರೆ ಅವನು ತನ್ನನ್ನು ತಾನು ಮನಸ್ಸಿನಲ್ಲಿ ಕರೆದುಕೊಳ್ಳುತ್ತಿದ್ದ ಹೆಸರು ತಕ್ಕಡಿ. ಅದು ‘ಕುಂಡದ ಕಟ್ಟೆ’ಯಲ್ಲಿನ ಹೆಸರು. ಬಾಲ್ಕನಿಯಲ್ಲಿ, ಕಿಟಕಿಯಲ್ಲಿ, ಮೆಟ್ಟಿಲ ಮೂಲೆಯಲ್ಲಿ ಕುಂಡವಿಟ್ಟು ಗಿಡ ಬೆಳೆಸುವ ಊರ ಜನ ಫೋನಿನಲ್ಲೇ ಸೇರಿ ಮಾತಾಡುವ ಜಾಗ ಅದು. ಗಿಡದ ಮಾತು ಎಷ್ಟು, ಜಗಳ ಎಷ್ಟು ಎಂದರೆ ಅರ್ಧಕ್ಕರ್ಧ. ಬೇರಿಗೆ ಚಹಾದ ಚರಟ ಹಾಕಬೇಕೋ ಬೇಡವೋ ಎಂಬುದರ ಮೇಲೆ ಅಣ್ಣತಮ್ಮಂದಿರು ಮಾತು ಬಿಟ್ಟದ್ದುಂಟು. ಮೊದಲು ಅಲ್ಲಿ ಮಾಡರೇಟರ್ ಆಗಿದ್ದವನು ಗುಲಾಬಿ ದೊರೆ. ತನ್ನ ಗುಲಾಬಿಗೆ ಹುಳ ಬಿದ್ದಿದೆ ಎಂದು ಯಾರಾದರೂ ಹೇಳಿದರೆ ಹುಳವನ್ನು ಬಿಟ್ಟು ಹೇಳಿದವರನ್ನು ಕಿತ್ತುಹಾಕುತ್ತಿದ್ದ. ಬೇಲಿಯೇ ಎದ್ದು ಹೊಲ ಮೇಯ್ದರೆ ಹೇಗೆ ಎಂದು ಮೊದಲು ಕೇಳಿದವನು ಇವನೇ. ಕೇಳಿ, ಜಗಳವಾಡಿ, ಮತ ಹಾಕಿಸಿ, ದೊರೆಯನ್ನು ಇಳಿಸಿ, ಆ ಜಾಗದಲ್ಲಿ ತಾನು ಕೂತು ನಿಯಮ ಬರೆದ. ಏನನ್ನೇ ತೆಗೆದರೂ ಏನು ತೆಗೆದೆ, ಯಾರದು, ಯಾಕೆ ಎಂದು ಎಲ್ಲರ ಮುಂದೆ ಬರೆಯಬೇಕು. ತೆಗೆಸಿಕೊಂಡವರು ಮೇಲ್ಮನವಿ ಮಾಡಬಹುದು. ಸದಸ್ಯರಲ್ಲೇ ಮೂವರನ್ನು ಚೀಟಿ ಎತ್ತಿ ಪಂಚರೆಂದು ಕೂರಿಸಬೇಕು. ಪಂಚರು ಮಾಡರೇಟರ್‌ಗೆ ಒಂದೇ ಒಂದು ಪ್ರಶ್ನೆ ಕೇಳಬಹುದು, ಅದಕ್ಕೆ ಅವನು ನಿಜವನ್ನೇ ಹೇಳಬೇಕು. ಮೇಲ್ಮನವಿ ಸೋತವರಿಗೆ ಒಂದು ತಿಂಗಳು ಮೌನ. ಮಾಡರೇಟರ್ ಸುಳ್ಳು ತೂಕ ಮಾಡಿದ್ದು ಗೊತ್ತಾದರೆ ಅವನಿಗೂ ಅದೇ ಮೌನ. ಈ ಕೊನೆಯದನ್ನು ಅವನು ಚಪ್ಪಾಳೆಗಾಗಿ ಸೇರಿಸಿದ್ದ, ಚಪ್ಪಾಳೆ ಬಿದ್ದೂ ಇತ್ತು. ಅಂಗಡಿಗೆ ಬಂದು ಯಾರೂ ಶಿಫಾರಸು ಮಾಡಬಾರದೆಂದು ತಕ್ಕಡಿ ಯಾರೆಂಬುದನ್ನು ಗುಟ್ಟಾಗಿಟ್ಟ. ಹೆಂಡತಿಗೆ ಮಾತ್ರ ಹೇಳಿದ್ದ. ಅವಳು ಹೊಲಿಗೆ ಯಂತ್ರದಿಂದ ತಲೆ ಎತ್ತದೆ, “ಮನೇಲಿ ತೂಕ ಇಲ್ಲ, ಊರಿಗೆಲ್ಲ ತಕ್ಕಡಿ” ಎಂದಿದ್ದಳು.

ಇಷ್ಟೆಲ್ಲ ಇದ್ದು, ನಿಂಬೆಯ ಕೆಲಸವನ್ನು ಯಾಕೆ ಮಾಡಿದೆ ಎಂದು ಅವನು ತನ್ನನ್ನೇ ಕೇಳಿಕೊಂಡರೆ ಉತ್ತರ ಬರುವುದಿಲ್ಲ, ಕಿವಿ ಬಿಸಿಯಾಗುತ್ತದೆ. ಬಾಲ್ಕನಿಯ ಆ ಗಿಡ ಎಲೆ ಬಿಟ್ಟಿತ್ತು, ಮುಳ್ಳು ಬಿಟ್ಟಿತ್ತು, ಹಣ್ಣು ಮಾತ್ರ ಬಿಡಲೊಲ್ಲದು. ಕಟ್ಟೆಯಲ್ಲಿ ಎಲ್ಲರ ಜಗಳ ಬಿಡಿಸುವವನ ಗಿಡವನ್ನು ಯಾರೂ ನೋಡಿರಲಿಲ್ಲ. “ತಕ್ಕಡಿಯವರೇ, ನಿಮ್ಮದೂ ಒಂದು ಫೋಟೋ ಹಾಕಿ” ಎಂದು ಯಾರೋ ಪ್ರೀತಿಯಿಂದಲೇ ಬರೆದರು, ಇನ್ನೊಬ್ಬರು ಬರೆದರು, ಆಮೇಲೆ ಅದು ಬಿಡದ ಬೇಡಿಕೆಯಾಯಿತು. ಒಂದು ಭಾನುವಾರ ಹೆಂಡತಿ ತಂಗಿಯ ಮನೆಗೆ ಹೋಗಿದ್ದಾಗ ಅಡುಗೆಮನೆಯ ಬುಟ್ಟಿಯಲ್ಲಿದ್ದ ಒಂದು ನಿಂಬೆಹಣ್ಣನ್ನು ತಂದು, ಅವಳ ಹೊಲಿಗೆ ಡಬ್ಬದಿಂದ ಹಸಿರು ದಾರ ತೆಗೆದು, ಎಲೆಗಳ ಮರೆಯಲ್ಲಿ ಕೊಂಬೆಗೆ ಕಟ್ಟಿದ. ಕಟ್ಟುವಾಗ ಮುಳ್ಳು ಚುಚ್ಚಿ ಬೆರಳಲ್ಲಿ ರಕ್ತ ಬಂತು. ಬರೀ ತಮಾಷೆ, ಸಂಜೆ ನಿಜ ಹೇಳಿ ಎಲ್ಲರನ್ನೂ ನಗಿಸಿದರಾಯಿತು ಎಂದುಕೊಂಡಿದ್ದ, ನಿಜವಾಗಿಯೂ ಹಾಗೆಯೇ ಅಂದುಕೊಂಡಿದ್ದ. ಆದರೆ ಸಂಜೆಯೊಳಗೆ ಹೊಗಳಿಕೆ ಹರಿದುಬಂತು. ನ್ಯಾಯವಂತರ ಕೈಯಲ್ಲಿ ಗಿಡವೂ ನಿಯತ್ತಾಗಿ ಬೆಳೆಯುತ್ತದೆ ಎಂದು ಒಬ್ಬರು ಬರೆದರು. ಅದನ್ನು ಅವನು ಎರಡು ಸಲ ಓದಿದ, ಮೂರನೆಯ ಸಲ ಓದುವಾಗ ಆ ಹಣ್ಣು ತಾನೇ ಬೆಳೆಸಿದ್ದು ಎಂದು ಅವನಿಗೂ ಅನ್ನಿಸತೊಡಗಿತ್ತು. ಆಗ ಬಂತು ಕತ್ತರಿಯ ಮಾತು: “ಹಣ್ಣು ಚೆನ್ನಾಗಿದೆ. ದಾರ ಇನ್ನೂ ಚೆನ್ನಾಗಿದೆ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿಯೇ ಅವನದಾಯಿತು. ನಕ್ಕುಬಿಟ್ಟಿದ್ದರೆ ಮುಗಿಯುತ್ತಿತ್ತು. ಬದಲಿಗೆ ಅವನ ಹೆಬ್ಬೆರಳು ತನ್ನಷ್ಟಕ್ಕೆ ಹೋಗಿ ಆ ಮಾತನ್ನು ಅಳಿಸಿತು, ಇನ್ನೊಂದು ಹೆಬ್ಬೆರಳು ಕಾರಣ ಬರೆಯಿತು: ‘ನಾಲ್ಕನೆಯ ನಿಯಮ. ಇನ್ನೊಬ್ಬರ ಗಿಡವನ್ನು ಹಂಗಿಸಬಾರದು.’ ಬರೆದ ಮೇಲೆ ಅದು ಎಷ್ಟು ಸಮಂಜಸವಾಗಿ ಕಂಡಿತೆಂದರೆ ಅವನಿಗೆ ನಿಜವಾಗಿಯೂ ಸಿಟ್ಟು ಬಂತು. ಈ ಕತ್ತರಿ ಬೇರೆ ಯಾರೂ ಅಲ್ಲ, ಹೆಸರು ಬದಲಿಸಿಕೊಂಡು ಬಂದ ಗುಲಾಬಿ ದೊರೆಯೇ ಇರಬೇಕು ಎಂದು ತೀರ್ಮಾನಿಸಿದ. ಹಳೆಯ ಹಗೆ ಎಲ್ಲಿ ಹೋಗುತ್ತದೆ. ಕತ್ತರಿ ಎರಡು ವರ್ಷದಿಂದ ಕಟ್ಟೆಯಲ್ಲಿ ಹೊಸಬರಿಗೆ ಕೊಂಬೆ ಸವರುವುದನ್ನು ತಾಳ್ಮೆಯಿಂದ ಹೇಳಿಕೊಟ್ಟವರು, ಒಮ್ಮೆ ತನ್ನ ಪರವಾಗಿಯೇ ವಾದಿಸಿದವರು ಎಂಬುದು ನೆನಪಾಯಿತು. ನೆನಪಾದದ್ದನ್ನು ಪಕ್ಕಕ್ಕೆ ತಳ್ಳಿದ.

ಮಾತು ಅಳಿಸಿದ್ದರ ವಿರುದ್ಧ ಕತ್ತರಿ ಮೇಲ್ಮನವಿ ಮಾಡಿದ್ದರು. ಇವತ್ತು ಮಧ್ಯಾಹ್ನದ ಹೊತ್ತಿಗೆ ಪಂಚರ ಪ್ರಶ್ನೆ ಬಂತು. ಅಳಿಸಿದ ಮಾತು ಮತ್ತು ನಿಂಬೆಯ ಚಿತ್ರ ಎರಡೂ ಈಗ ಅವರ ಮುಂದಿವೆ. ‘ದಾರ ಇದೆಯೇ?’ ಎಂದು ಕೇಳಿದರೆ ಮುಗಿಯಿತು, ಇದೆ ಎನ್ನಬೇಕು, ನಿಯಮ ಬರೆದವನೇ ತಾನು. ಒರೆಸುತ್ತಿದ್ದ ಕನ್ನಡಕವನ್ನು ಕೆಳಗಿಟ್ಟು, ಅಂಗೈ ಪ್ಯಾಂಟಿಗೆ ಉಜ್ಜಿಕೊಂಡು ಫೋನು ತೆರೆದ. ಪಂಚರಲ್ಲಿ ಒಬ್ಬನಾದ ಗೊಬ್ಬರದ ತಾತ ಎಂಬ ಸದಸ್ಯ ಮೂವರ ಪರವಾಗಿ ಬರೆದಿದ್ದ: “ಅಷ್ಟು ಒಳ್ಳೆ ಬಣ್ಣ ಬರೋದಕ್ಕೆ ಏನು ಗೊಬ್ಬರ ಹಾಕಿದ್ರಿ?” ಅವನು ನಂಬಲಾರದೆ ಮತ್ತೆ ಓದಿದ. ಆಮೇಲೆ ನಿಯಮದಂತೆ ನಿಜವನ್ನೇ ಬರೆದ: ಮೊಟ್ಟೆಯ ಸಿಪ್ಪೆಯ ಪುಡಿ, ಒಣಗಿದ ಎಲೆ, ವಾರಕ್ಕೊಮ್ಮೆ ಅಕ್ಕಿ ತೊಳೆದ ನೀರು. ಒಂದಕ್ಷರ ಸುಳ್ಳಿರಲಿಲ್ಲ. ಇಷ್ಟು ಅಪ್ಪಟ ನಿಜವನ್ನು ಹೇಳಿ ಇಷ್ಟು ಹೊಲಸೆನ್ನಿಸಿದ್ದು ಅವನಿಗೆ ಜೀವನದಲ್ಲಿ ಇದೇ ಮೊದಲು. ಹೊಲಸೆನ್ನಿಸಿದರೂ, ಬದುಕಿದೆ ಎಂದು ಉಸಿರು ಬಿಟ್ಟ.

ಆ ಉಸಿರು ಇನ್ನೂ ಪೂರ್ತಿ ಹೊರಗೆ ಬಂದಿರಲಿಲ್ಲ, ಬಾಗಿಲು ತಳ್ಳಿಕೊಂಡು ಹೆಡ್‌ಮಿಸ್ ಬಂದರು. ಪಕ್ಕದ ಬೀದಿಯ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಕಾಲು ಶತಮಾನ ಮಕ್ಕಳ ಸುಳ್ಳು ಕೇಳಿ ಕೇಳಿ ಹುಬ್ಬುಗಳು ಮೇಲಕ್ಕೇ ನಿಂತುಬಿಟ್ಟಿದ್ದವು. ಅವರ ಕನ್ನಡಕ ಬಿದ್ದು ಒಡೆದು, ಹೊಸ ಗಾಜು ಹಾಕಲು ಅವನಲ್ಲಿಗೆ ಬಂದಿತ್ತು. ಬರಿಗಣ್ಣಿನಲ್ಲಿ ಬಂದ ಹೆಡ್‌ಮಿಸ್ ಒಳಗಿನ ಮೂಲೆಯಲ್ಲಿದ್ದ, ಫ್ರೇಮು ತೊಡಿಸಿ ನಿಲ್ಲಿಸಿದ ಪ್ಲಾಸ್ಟಿಕ್ ತಲೆಗೆ ನಮಸ್ಕಾರ ಹೇಳಿ, “ಏನ್ರೀ, ಸೊರಗಿದೀರಲ್ಲ” ಎಂದರು. ಅವನು ಕೆಮ್ಮಿದ ಮೇಲೆ ಇತ್ತ ತಿರುಗಿದರು. “ನನ್ನ ಕನ್ನಡಕ ಆಯ್ತಾ? ಇವತ್ತು ಬೇಕೇ ಬೇಕು. ಫೋನಲ್ಲಿ ಆ ಕುಂಡದ ಕಟ್ಟೆ ಅಂತ ಇದೆಯಲ್ಲ, ಅದರಲ್ಲಿ ನಾನೂ ಒಬ್ಬಳು. ಬೆಳಿಗ್ಗೆ ಮೆಸೇಜ್ ನೋಡಿದ್ರೆ ಪಂಚರ ಚೀಟೀಲಿ ನನ್ನ ಹೆಸರು! ಯಾವುದೋ ನಿಂಬೆಹಣ್ಣಿನ ವ್ಯಾಜ್ಯ.”

ಕನ್ನಡಕ ಅವನ ಮೊಣಕೈ ಪಕ್ಕದ ಡ್ರಾಯರಿನಲ್ಲೇ ಇತ್ತು, ಹಳದಿ ಬಟ್ಟೆಯಲ್ಲಿ ಸುತ್ತಿ ಸಿದ್ಧವಾಗಿತ್ತು. ಆ ಹಳದಿ ಬಟ್ಟೆಗಳನ್ನು, ಗಿರಾಕಿಗಳಿಗೆ ಗಾಜು ಒರೆಸಿಕೊಳ್ಳಲೆಂದು, ಮನೆಯಲ್ಲಿ ಹೆಂಡತಿಯೇ ಕತ್ತರಿಸಿ ಅಂಚು ಹೊಲಿದು ಕೊಡುತ್ತಿದ್ದಳು. ಅವನ ಕೈ ಡ್ರಾಯರಿನ ಕಡೆ ಹೋಯಿತು, ಹೋಗಿ ಅದನ್ನು ಮೆತ್ತಗೆ ಒಳಕ್ಕೆ ತಳ್ಳಿ ಮುಚ್ಚಿತು. “ಗಾಜು ಬಂದಿಲ್ಲ ಮಿಸ್. ನಾಳೆ ಬೆಳಿಗ್ಗೆ ಖಂಡಿತ” ಎಂದ. ಶಾಲೆಯಲ್ಲಿ ಹೋಂವರ್ಕ್ ಮಾಡದ ದಿನ ಹೊಟ್ಟೆನೋವು ಎಂದು ಹೇಳುತ್ತಿದ್ದ ದನಿ ತನ್ನ ಗಂಟಲಲ್ಲಿ ಇಷ್ಟು ವರ್ಷ ಹಾಗೆಯೇ ಕಾಯುತ್ತ ಕೂತಿತ್ತೇ ಎಂದು ಅವನಿಗೆ ಆಶ್ಚರ್ಯವಾಯಿತು. ಹೆಡ್‌ಮಿಸ್ ನಿಟ್ಟುಸಿರಿಟ್ಟು, ಕೈಚೀಲದಿಂದ ಫೋನು ತೆಗೆದು, ಅದೇನೋ ಒತ್ತಿ, ಅವನ ಮುಂದೆ ಹಿಡಿದರು. “ಹಾಗಾದ್ರೆ ನೀವೇ ಒಂಚೂರು ನೋಡಿ ಹೇಳಿ. ಕಣ್ಣಿನವರು ನೀವು, ನಿಮಗಿಂತ ಚೆನ್ನಾಗಿ ಯಾರು ನೋಡ್ತಾರೆ? ಈ ಹಣ್ಣಿನ ತೊಟ್ಟಲ್ಲಿ ದಾರ ಇದೆಯೋ ಇಲ್ವೋ?”

ಅವನು ನೋಡಿದ. ತನ್ನ ಬಾಲ್ಕನಿ, ತನ್ನ ಕುಂಡ, ತನ್ನ ಹಣ್ಣು. ತೊಟ್ಟಿನ ಹತ್ತಿರ ಹಸಿರು ದಾರದ ಗಂಟು, ಗಂಟಿನ ಒಂದು ತುದಿ ಕತ್ತರಿಸದೆ ಉಳಿದು ಮೇಲಕ್ಕೆ ನಿಗುರಿತ್ತು. ಈಗ ಅದು ಬಿಟ್ಟರೆ ಚಿತ್ರದಲ್ಲಿ ಬೇರೇನೂ ಕಾಣುತ್ತಿರಲಿಲ್ಲ. ನಿಜ ಹೇಳಲು ಇಷ್ಟು ಸುಲಭದ ಜಾಗ ಇನ್ನೊಂದು ಸಿಕ್ಕುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಇವರಿಗೆ ತಾನು ತಕ್ಕಡಿ ಎಂಬುದು ಗೊತ್ತಿಲ್ಲ, ‘ಇದೆ’ ಎಂದರೆ ಸಾಕು, ಯಾರೋ ತಕ್ಕಡಿ ಎಂಬವನು ಸೋಲುತ್ತಾನೆ, ಕನ್ನಡಕದವರ ಗಂಟೇನು ಹೋಯಿತು. ಆ ಯಾರೋ ಒಬ್ಬನ ಮೇಲೆ ಅವನಿಗೆ ಎಂಥ ಮಮತೆ ಉಕ್ಕಿತೆಂದರೆ, “ಹಾಗೇನೂ ಕಾಣಿಸ್ತಾ ಇಲ್ಲ ಮಿಸ್. ಎಲೆಯ ನೆರಳಿರಬೇಕು” ಎಂದುಬಿಟ್ಟ. “ಹೌದಾ?” ಎಂದರು ಹೆಡ್‌ಮಿಸ್. “ಇನ್ನೊಂದ್ಸಲ ನೋಡಿ.” ಅವನು ಇನ್ನೊಂದು ಸಲ ನೋಡಿದ, ಇನ್ನೊಂದು ಸಲ ಇಲ್ಲ ಎಂದ. ಅವರು ಥ್ಯಾಂಕ್ಸ್ ಹೇಳಿ, ಪ್ಲಾಸ್ಟಿಕ್ ತಲೆಗೆ ಡಿಕ್ಕಿ ಹೊಡೆಯದೆ ಹುಷಾರಾಗಿ ಹೊರಟುಹೋದರು.

ಸಂಜೆ ತೀರ್ಪು ಬಂತು. ಇಬ್ಬರು ತಕ್ಕಡಿಯ ಕಡೆ, ಒಬ್ಬರು ಕತ್ತರಿಯ ಕಡೆ. ಗೊಬ್ಬರದ ತಾತ ತನ್ನ ಕಾರಣ ಬರೆದಿದ್ದ: “ಫೋಟೋ ತೆರೆದು ನೋಡೋ ಅಗತ್ಯ ಕಾಣಲಿಲ್ಲ. ತಕ್ಕಡಿಯವರ ಮೇಲೆ ಅನುಮಾನ ಪಡೋದಾದ್ರೆ ಇನ್ನು ಯಾರನ್ನ ನಂಬೋಣ?” ಕೆಳಗೆ ಎಷ್ಟೋ ಜನ ಕೈ ಮುಗಿದಿದ್ದರು. ವಿರುದ್ಧ ಹೋದ ಆ ಒಬ್ಬರು ಯಾರು? ಹೆಡ್‌ಮಿಸ್ ಅಂತೂ ಅಲ್ಲ, ಅವರಿಗೆ ತಾನೇ ನೋಡಿ ಹೇಳಿದ್ದೇನೆ. ಮೂರನೆಯ ಪಂಚನಿರಬೇಕು, ಅವನ ಮೇಲೆ ಒಂದು ಕಣ್ಣಿಡಬೇಕು ಎಂದುಕೊಂಡ. ಅಂದುಕೊಂಡ ಮರುಗಳಿಗೆ, ಗುಲಾಬಿ ದೊರೆಯೂ ಹೀಗೆಯೇ ಒಂದು ಕಣ್ಣಿಡುತ್ತ ಇಡುತ್ತ ದೊರೆಯಾದದ್ದು ಎಂಬುದು ಹೊಳೆದು ನಾಚಿಕೆಯಾಯಿತು. ನಾಚಿಕೆಪಡುತ್ತಲೇ ಗುಂಡಿ ಒತ್ತಿದ. ‘ಕತ್ತರಿ: ಒಂದು ತಿಂಗಳು ಮೌನ.’ ಶಟರ್ ಎಳೆದು ಮನೆಗೆ ಹೊರಟ.

ಮನೆಯಲ್ಲಿ ಹೆಂಡತಿ ಮಾತಾಡಲಿಲ್ಲ. ಮೊದಲು ಅವನ ಗಮನಕ್ಕೇ ಬರಲಿಲ್ಲ, ಗೆದ್ದವನ ಉತ್ಸಾಹದಲ್ಲಿ ಅವನೇ ಹೆಚ್ಚು ಮಾತಾಡುತ್ತಿದ್ದ, ಡ್ರೈವರಿನ ಎರಡೂ ಕಣ್ಣು ಮುಚ್ಚಿದ ಕತೆ ಹೇಳಿ ತಾನೇ ನಕ್ಕ. ಅವಳು ತಟ್ಟೆ ಇಟ್ಟಳು, ಬಡಿಸಿದಳು, ಇನ್ನೂ ಬೇಕೇ ಎಂದು ಸೌಟು ಎತ್ತಿ ಹುಬ್ಬಿನಲ್ಲೇ ಕೇಳಿದಳು. “ಗಂಟಲು ಕೆಟ್ಟಿದೆಯಾ?” ಎಂದ. ಇಲ್ಲ ಎಂದು ತಲೆಯಾಡಿಸಿದಳು. “ನನ್ನ ಮೇಲೆ ಕೋಪಾನಾ?” ಅದಕ್ಕೂ ಇಲ್ಲ. ಮುಖದಲ್ಲಿ ಕೋಪವಿರಲಿಲ್ಲ, ಅದೇ ಭಯ ಹುಟ್ಟಿಸುವಂತಿತ್ತು. ಅವನು ಮನಸ್ಸಿನಲ್ಲೇ ಮಾಡಿದ ತಪ್ಪುಗಳ ಮೂಟೆ ಬಿಚ್ಚಿದ: ಗ್ಯಾಸಿನವನಿಗೆ ಫೋನು ಮಾಡಿಲ್ಲ, ಅತ್ತೆಯ ಆರೋಗ್ಯ ವಿಚಾರಿಸಿಲ್ಲ, ಒದ್ದೆ ಟವೆಲ್ ಹಾಸಿಗೆಯ ಮೇಲೆ ಎಸೆದಿದ್ದೇನೆ. ಒಂದೊಂದಾಗಿ ಒಪ್ಪಿಕೊಂಡ. ಅವಳು ಒಂದೊಂದಕ್ಕೂ ಬಲು ಆಸಕ್ತಿಯಿಂದ ತಲೆದೂಗಿ ಕೇಳಿದಳು, ಕೆಲವು ಅವಳಿಗೂ ಹೊಸ ಸುದ್ದಿಯಂತಿತ್ತು. ಕೊನೆಗೆ ಅವನು ಸೋತು, “ಅಯ್ಯೋ, ಒಂದ್ಮಾತಾದ್ರೂ ಆಡೇ ಮಾರಾಯ್ತಿ” ಎಂದಾಗ ಕೈ ಒರೆಸಿಕೊಂಡು ತನ್ನ ಫೋನು ತಂದು ತಟ್ಟೆಯ ಪಕ್ಕ ಇಟ್ಟಳು.

ಫೋನಿನಲ್ಲಿ ಅವನದೇ ಮಾತಿತ್ತು: ‘ನಿಮಗೆ ಒಂದು ತಿಂಗಳು ಮೌನ. ಇಂತಿ, ತಕ್ಕಡಿ.’ ಮೇಲೆ ಹೆಸರು, ಕತ್ತರಿ. ಅವನು ಫೋನನ್ನು ನೋಡಿದ, ಅವಳನ್ನು ನೋಡಿದ. ಅವಳು ಎರಡು ಬೆರಳು ಎತ್ತಿ ಗಾಳಿಯಲ್ಲಿ ಕಚ್ ಕಚ್ ಎಂದು ಆಡಿಸಿ ತೋರಿಸಿದಳು. “ನೀನಾ?” ಎಂದ. ಎರಡು ವರ್ಷ ಒಂದೇ ಸೋಫಾದ ಈ ತುದಿ ಆ ತುದಿಯಲ್ಲಿ ಕೂತು, ಇವನು ಊರಿಗೆ ನ್ಯಾಯ ಹೇಳುತ್ತಿದ್ದಾಗ ಅವಳು ಊರಿಗೆ ಕೊಂಬೆ ಸವರುವುದನ್ನು ಕಲಿಸುತ್ತಿದ್ದಳು. ‘ಕಟ್ಟೆಯ ಅತ್ಯಂತ ವಿವೇಕದ ಸದಸ್ಯರು’ ಎಂದು ಒಮ್ಮೆ ಕತ್ತರಿಯನ್ನು ಹೊಗಳಿ ಬರೆದವನು ಅದೇ ದಿನ, ಮನೆಯಲ್ಲಿ, ನಿನಗೆ ಇದೆಲ್ಲ ಅರ್ಥವಾಗಲ್ಲ ಬಿಡು ಎಂದಿದ್ದು ನೆನಪಾಯಿತು. ಆ ಗಿಡಕ್ಕೆ ದಿನಾ ನೀರು ಹಾಕುವವಳು ಅವಳು. ಬುಟ್ಟಿಯಲ್ಲಿ ಒಂದು ಹಣ್ಣು ಕಮ್ಮಿಯಾದದ್ದನ್ನು, ಅದು ಬಾಲ್ಕನಿಯಲ್ಲಿ ತೂಗುತ್ತಿರುವುದನ್ನು ನೋಡಿ, ಗಂಡನ ಕೂಡ ನಗಬಹುದೆಂದು ಒಂದು ಮಾತು ಬರೆದಿದ್ದಳು. ಅಷ್ಟೇ. ಅವನಿಗೆ ಅಳು ಬಂತು, ಅನ್ನದ ತಟ್ಟೆಯ ಮುಂದೆ ಅಳುವುದು ಹೇಗೆಂದು ತಿಳಿಯದೆ, “ಇದು ಮನೆ ಕಣೇ, ಕಟ್ಟೆ ಅಲ್ಲ. ಇಲ್ಲಿ ಮಾತಾಡು” ಎಂದ. ಅವಳು ತುಟಿಯ ಮೇಲೆ ಬೆರಳಿಟ್ಟು, ನಿಯಮ ನಿಯಮವೇ ಎಂಬಂತೆ ಅವನ ಕಡೆಗೇ ತೋರಿಸಿ, ತಟ್ಟೆ ಎತ್ತಿಕೊಂಡು ಹೋದಳು.

ಬೆಳಿಗ್ಗೆ ಹೆಡ್‌ಮಿಸ್ ಬಂದಾಗ ಅವನು ಕನ್ನಡಕವನ್ನು ಮೇಜಿನ ಮೇಲೆ ತೆಗೆದಿಟ್ಟುಕೊಂಡೇ ಕಾಯುತ್ತಿದ್ದ. ಹಾಕಿಕೊಟ್ಟು, ಫೋನು ತೆರೆದು, ನಿಂಬೆಯ ಚಿತ್ರ ಹಿಡಿದು, ಅಭ್ಯಾಸದಂತೆ “ಈಗ ಚೆನ್ನಾಗಿ ಕಾಣುತ್ತಾ ಮಿಸ್?” ಎಂದು ಕೇಳಿದ. ಹೆಡ್‌ಮಿಸ್ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಅದರ ಮೇಲಿಂದ ಚಿತ್ರ ನೋಡಿದರು. “ನಿನ್ನೇನೂ ಚೆನ್ನಾಗೇ ಕಾಣ್ತಿತ್ತು. ನನಗೆ ಕಾಣದೇ ಇರೋದು ದೂರದ್ದು ಕಣ್ರೀ. ಹತ್ತಿರದ್ದು ನೂಲಿನ ಎಳೆ ಸಮೇತ ಕಾಣುತ್ತೆ. ಪರೀಕ್ಷೆ ಮಾಡಿ ಬರೆದುಕೊಟ್ಟೋರೇ ನೀವು.” ದೂರದ ಪ್ಲಾಸ್ಟಿಕ್ ತಲೆಗೆ ನಮಸ್ಕಾರ ಮಾಡಿದವರು ಕೈಯಲ್ಲಿರುವ ಫೋನಿನ ಮೆಸೇಜನ್ನು ಬರಿಗಣ್ಣಿನಲ್ಲೇ ಓದಿಕೊಂಡು ಬಂದಿದ್ದರು. ಅವರ ಕಣ್ಣಿನ ನಂಬರು ಅವನಿಗೆ ಬಾಯಿಪಾಠ. ಹೆದರಿದವನಿಗೆ ಅದೊಂದೂ ನೆನಪಾಗಿರಲಿಲ್ಲ.

“ಮತ್ತೆ ನನ್ನ ಯಾಕೆ ಕೇಳಿದ್ರಿ?” ಎಂದ.

“ಇದ್ದದ್ದು ಒಂದು ಪ್ರಶ್ನೆ, ಅದನ್ನ ಆ ತಾತ ನಮ್ಮನ್ನ ಕೇಳದೆ ಗೊಬ್ಬರಕ್ಕೆ ಹಾಕ್ದ. ನನ್ನ ಪ್ರಶ್ನೇನ ನಾನೇ ಬಂದು ಕೇಳ್ದೆ.” ಹೆಡ್‌ಮಿಸ್ ಮೇಜಿನ ಮೇಲಿದ್ದ ಹಳದಿ ಬಟ್ಟೆ ಎತ್ತಿಕೊಂಡು ಅಂಚನ್ನು ಬೆರಳಲ್ಲಿ ಸವರಿದರು. ಅಂಚಿನುದ್ದಕ್ಕೂ ಅದೇ ಹಸಿರು ದಾರ. “ನನ್ನ ಹತ್ರ ಇಂಥವು ಆರಿವೆ. ಎರಡು ಸಲ ಅವಕಾಶ ಕೊಟ್ಟೆ, ತಕ್ಕಡಿಯವರೇ. ಮಕ್ಕಳಿಗೂ ಎರಡೇ ಸಲ ಕೊಡ್ತಿದ್ದೆ. ಕತ್ತರಿ ಕಡೆ ಬಿದ್ದ ವೋಟು ನಂದು.” ಅಷ್ಟು ಹೇಳಿ, ಗಾಜಿನ ಹಣ ಕೊಟ್ಟು, ಈ ಸಲ ನೇರವಾಗಿ ಅವನಿಗೇ ನಮಸ್ಕಾರ ಮಾಡಿ ಹೋದರು. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಯಾರಿಗೂ ಹೇಳುವುದಿಲ್ಲ ಎಂಬುದು ಅವನಿಗೆ ತಿಳಿದುಹೋಯಿತು. ಹಾಗಾಗಿ ಹೇಳಬೇಕಾದವನು ತಾನೊಬ್ಬನೇ ಉಳಿದಿದ್ದ.

ಅಂಗಡಿಯಲ್ಲಿ ಯಾರೂ ಇರಲಿಲ್ಲ. ಪ್ಲಾಸ್ಟಿಕ್ ತಲೆಯ ಎದುರು ಕೂತು ಅವನು ಕಟ್ಟೆಯ ಮಾಮೂಲಿ ರೀತಿಯಲ್ಲೇ ಬರೆದ. ತೆಗೆದದ್ದು: ನಿಂಬೆಯ ಚಿತ್ರ. ಯಾರದು: ತಕ್ಕಡಿಯದು. ಯಾಕೆ: ಹಣ್ಣು ಅಂಗಡಿಯದು, ದಾರ ಹೆಂಡತಿಯದು, ಸುಳ್ಳು ನನ್ನದು. ಕತ್ತರಿಯ ಮಾತನ್ನು ಮತ್ತೆ ಹಾಕಿದ್ದೇನೆ, ಮೌನ ತೆಗೆದಿದ್ದೇನೆ, ಆ ಮೌನ ಇನ್ನು ನನಗೆ. ಹೊಸ ಮಾಡರೇಟರನ್ನು ಚೀಟಿ ಎತ್ತಿ ಆರಿಸಿ. ಕೊನೆಯಲ್ಲಿ ಕ್ಷಮಿಸಿ ಎಂದು ಬರೆದು, ಅದು ಹೊಗಳಿಕೆ ಬೇಡುವಂತೆ ಕಂಡದ್ದರಿಂದ ಅಳಿಸಿ, ಅಳಿಸಿದ್ದು ದುರಹಂಕಾರವಾಗಿ ಕಂಡದ್ದರಿಂದ ಮತ್ತೆ ಬರೆದು, ಕಣ್ಣು ಮುಚ್ಚಿ ಗುಂಡಿ ಒತ್ತಿದ. ತನ್ನ ಹೆಸರಿನ ಮುಂದೆ ಮೌನದ ಗುರುತು ಬಿದ್ದಾಗ, ವಿಚಿತ್ರ, ಹೊಟ್ಟೆ ಹಸಿಯತೊಡಗಿತು. ನಿನ್ನೆಯ ಊಟ ಅವನಿಗೆ ಸೇರಿರಲಿಲ್ಲ.

ಮನೆಗೆ ಹೋದಾಗ ಅವಳು ಬಾಗಿಲಲ್ಲೇ ನಿಂತಿದ್ದಳು. “ಬನ್ನಿ ಬನ್ನಿ” ಎಂದಳು, ಮತ್ತೆ ನಿಲ್ಲಿಸಲೇ ಇಲ್ಲ. ಒಂದಿಡೀ ದಿನದ ಮಾತು ಸೇರಿಸಿಟ್ಟಿದ್ದಳು. ಗ್ಯಾಸಿನವನು, ಒದ್ದೆ ಟವೆಲು, ಅವಳಮ್ಮನ ಮಂಡಿನೋವು, ಎಲ್ಲ ಸಾಲಾಗಿ ಬಂದವು. ಅವನು ಉತ್ತರ ಕೊಡಲು ಬಾಯಿ ತೆರೆದಾಗಲೆಲ್ಲ ಎರಡು ಬೆರಳು ಎತ್ತಿ ಕಚ್ ಎಂದು ಕತ್ತರಿ ಆಡಿಸಿದಳು. “ಒಂದು ತಿಂಗಳು. ನೀವೇ ಬರೆದಿದ್ದು.” ಮಾಡಿದ್ದುಣ್ಣೋ ಮಹಾರಾಯ ಎಂದು ಅವನು ಬಾಯಿ ಮುಚ್ಚಿದ. ಬಾಲ್ಕನಿಗೆ ಎಳೆದುಕೊಂಡು ಹೋದಳು. ಒಣಗಿ ಸುಕ್ಕಾದ ಹಣ್ಣನ್ನು ತೆಗೆದುಹಾಕಿದ್ದಳು. ದಾರ ಕಟ್ಟಿದ್ದ ಜಾಗಕ್ಕಿಂತ ಒಂದು ಗೇಣು ಮೇಲೆ, ಎಲೆಯ ಕಂಕುಳಲ್ಲಿ, ಬೆಳ್ಳನೆಯ ಮೊಗ್ಗೊಂದು ಸಣ್ಣಗೆ ಕೂತಿತ್ತು. “ಗಂಟು ಬಿಚ್ಚುವಾಗ ನೋಡ್ದೆ” ಎಂದಳು ಮೆಲ್ಲಗೆ. ಅವನು ಬಾಗಿ, ಉಸಿರು ತಾಗೀತೆಂದು ಹಿಂದೆ ಸರಿದು, ಮತ್ತೆ ಬಾಗಿ ನೋಡಿದ. ಇದನ್ನು ಊರಿಗೆಲ್ಲ ಕೂಗಿ ಹೇಳಬೇಕೆನ್ನಿಸಿತು. ಹೇಳುವ ಹಾಗಿರಲಿಲ್ಲ.

“ನಾನೇ ಹಾಕ್ತೀನಿ ಬಿಡಿ” ಎಂದು ಅವಳು ಫೋಟೋ ತೆಗೆದು, ‘ತಕ್ಕಡಿಯವರ ಗಿಡದಲ್ಲಿ ಮೊದಲ ಮೊಗ್ಗು’ ಎಂದು ಬರೆದು ಕಟ್ಟೆಗೆ ಕಳಿಸಿದಳು. ಇಬ್ಬರೂ ಕುಂಡದ ಪಕ್ಕ ನೆಲದ ಮೇಲೆ ಕೂತು, ತಲೆಗೆ ತಲೆ ತಾಗಿಸಿ ಒಂದೇ ಫೋನು ನೋಡಿದರು. ಮೊದಲ ಮಾತು ಬಂತು, ಗೊಬ್ಬರದ ತಾತನದು: “ದಾರ ಕಾಣ್ತಾ ಇಲ್ವಲ್ಲ. ಈ ಸಲ ಅಂಟು ಹಾಕಿದ್ರಾ?”

ಅವನ ಹೆಬ್ಬೆರಳು ಫೋನಿನ ಕಡೆ ಹೊರಟಿತು, ನಾಲ್ಕನೆಯ ನಿಯಮ ನಾಲಗೆಯ ತುದಿಗೆ ಬಂತು. ಹೆಂಡತಿ ಅವನ ಮುಖವನ್ನೇ ನೋಡುತ್ತಿದ್ದಳು.

“ದೂರು ಕೊಡ್ಲಾ?” ಎಂದಳು. “ಚೀಟೀಲಿ ಹೆಡ್‌ಮಿಸ್ ಹೆಸರು ಬಂದಿದೆಯಂತೆ, ಇನ್ಮೇಲೆ ಅವ್ರೇ ಮಾಡರೇಟರು. ಹೇಳಿದ್ರೆ ತೆಗೀತಾರೆ.”

ಅವನು ಆ ಮಾತನ್ನು ಇನ್ನೊಮ್ಮೆ ಓದಿದ. ಹೆಬ್ಬೆರಳನ್ನು ಮಡಚಿ ಅಂಗೈಯೊಳಗೆ ಇಟ್ಟುಕೊಂಡು, ಬೇಡ, ಇರಲಿ ಎಂದು ತಲೆಯಾಡಿಸಿದ.